ಕಲ್ಲುದೀಪದ ಪಾತಿ

"ಗುರುಗಳೇ, ನಿಯಮ ಮಾಡಿದವರ ಮೇಲಿನ ಗೌರವದಿಂದಲೇ ಆ ನಿಯಮವನ್ನು ಮೀರಿದರೆ, ಅದೂ ತಪ್ಪಾಗುತ್ತದೆಯೇ?"

ಕೇಳಿದವನು ಚೆನ್ನವೀರ. ಆಶ್ರಮದ ಶಿಷ್ಯರಲ್ಲಿ ಹಿರಿಯ. ತಮ್ಮ ಮೂರ್ತಿಯನ್ನಾಗಲಿ ಚಿತ್ರವನ್ನಾಗಲಿ ಯಾರೂ ಮಾಡಿಸಕೂಡದು ಎಂದು ಗುರುಗಳು ಬಹಳ ಹಿಂದೆಯೇ ಹೇಳಿದ್ದರು. ಶಿಷ್ಯರು ತಮ್ಮೊಳಗೆ ಮಾತಾಡಿಕೊಂಡು ಕಲ್ಲಿನ ಮೂರ್ತಿಯೊಂದನ್ನು ಕೆತ್ತಿಸಿ ತಂದಿದ್ದರು. ಗೋಣಿತಾಟು ಸುತ್ತಿದ ಮೂರ್ತಿ ಅಂಗಳದಲ್ಲಿ ನಿಂತಿತ್ತು. ಗುರುಗಳು ಅದನ್ನು ನೋಡಿದ್ದರು, ಏನೂ ಹೇಳಿರಲಿಲ್ಲ. ಒಪ್ಪಿಗೆ ಪಡೆದುಕೊಂಡು ಬಾ ಎಂದು ಉಳಿದವರು ಚೆನ್ನವೀರನನ್ನು ಕಳಿಸಿದ್ದರು.

ಗುರುಗಳು ಅವನಿಗೆ ಕುಳಿತುಕೊಳ್ಳಲು ಹೇಳಿದರು. ಬಳಿಕ ಈ ಕತೆ ಹೇಳಿದರು.

ಬೀಜ ಉದುರುವ ಮೊದಲು, ಬೀಜಕ್ಕೆಂದೇ ಬಿಟ್ಟ ತಾಯಿಪಾತಿಯ ಹೂವನ್ನು ಯಾರೂ ಕೀಳಕೂಡದು. ಇದು ಒಂದು ಸಸಿತೋಟದ ನಿಯಮ. ಊರು ಅದನ್ನು ಮುರಿಯಿತು. ಮುರಿದವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ.

ಊರು ಬಂಡೆಗಳ ಬೆಟ್ಟವೊಂದರ ಕೆಳಗಿತ್ತು. ಊರಿನ ಹೊರಗೆ ಒಬ್ಬ ಹೆಂಗಸು ಸಸಿತೋಟ ಮಾಡಿದ್ದಳು. ಜನ ಅದನ್ನು ನರ್ಸರಿ ಎನ್ನುತ್ತಿದ್ದರು. ಗುಲಾಬಿ, ಸೇವಂತಿಗೆ ಕೇಳಿಕೊಂಡು ಬಂದವರು ಬರಿಗೈಯಲ್ಲಿ ಹಿಂದಿರುಗುತ್ತಿದ್ದರು. ಅಲ್ಲಿದ್ದದ್ದು ಆ ನೆಲದ ಕಾಡುಹೂಗಳು ಮಾತ್ರ: ತುಂಬೆ, ಅಣ್ಣೆ, ವಿಷ್ಣುಕ್ರಾಂತಿ, ತಂಗಡಿ. ಬೇಲಿಯ ಬದಿಯಲ್ಲಿ ತಾನಾಗಿ ಬೆಳೆಯುವ ಗಿಡವನ್ನು ಯಾರು ಕೊಳ್ಳುತ್ತಾರೆ ಎಂದು ಜನ ಮೊದಮೊದಲು ನಕ್ಕರು. ಆಮೇಲೆ ಬೇಲಿಗಳು ಹೋಗಿ ಗೋಡೆಗಳು ಬಂದವು. ಹೊಲಕ್ಕೆ ಕಳೆನಾಶಕ ಬಂತು. ನಗುವುದು ನಿಂತಿತು.

ಆಕೆಯ ಹೆಸರು ದೇವೀರಮ್ಮ. ಊರಿಗೆಲ್ಲ ದೇವೀರಕ್ಕ. ಮದುವೆಯಾಗಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ್ದಳು. ತೋಟದ ಕೆಲಸದಲ್ಲಿ ಅವನೂ ಜೊತೆಗಿದ್ದ.

ತೋಟಕ್ಕೆ ಬಂದವರನ್ನು ದೇವೀರಕ್ಕ ಮೊದಲು ಕೇಳುತ್ತಿದ್ದದ್ದು, ಗಿಡವನ್ನು ಎಲ್ಲಿ ನೆಡುತ್ತೀರಿ ಎಂದು. ಹೆಣ್ಣು ಕೊಡುವ ಮನೆಯವರಿಗಿಂತ ಹೆಚ್ಚು ವಿಚಾರಿಸುತ್ತಾಳೆ ಎಂದು ಜನ ಆಡಿಕೊಳ್ಳುತ್ತಿದ್ದರು. ಒಮ್ಮೆ, ಹೊಸ ಮನೆ ಕಟ್ಟಿಸಿದವರೊಬ್ಬರು ಶಿವಪೂಜೆಗೆಂದು ತುಂಬೆ ಸಸಿ ಕೇಳಿಕೊಂಡು ಬಂದರು.

"ಅಂಗಳದಲ್ಲಿ ನೆಲ ಇದೆಯೇ?" ಎಂದಳು.

"ಎಲ್ಲಾ ಕಡೆ ಟೈಲ್ಸ್ ಹಾಕಿಸಿದ್ದೇವಮ್ಮ. ಕಾಲಿಗೆ ಮಣ್ಣು ಹತ್ತುವುದಿಲ್ಲ."

"ಹಾಗಾದರೆ ಟೈಲ್ಸ್ ಮೇಲೆ ತುಂಬೆಯ ಚಿತ್ರ ಬರೆಸಿಕೊಳ್ಳಿ. ನೀರು ಹಾಕುವ ಕೆಲಸವೂ ಇರುವುದಿಲ್ಲ."

ಅವರು ಸಿಟ್ಟಾಗಿ ಹೋದರು. ಮರುವರ್ಷ ಒಂದು ಮೂಲೆಯ ಟೈಲ್ಸ್ ಕೀಳಿಸಿ ಮತ್ತೆ ಬಂದರು. ಆಕೆ ಸಸಿ ಕೊಟ್ಟಳು, ನೆಡುವ ಕ್ರಮವನ್ನೂ ಹೇಳಿಕೊಟ್ಟಳು. ಹಳೆಯ ಮಾತನ್ನು ಎತ್ತಲಿಲ್ಲ.

ತೋಟದಲ್ಲಿ ಪ್ರತಿಯೊಂದು ಜಾತಿಗೂ ಒಂದು ತಾಯಿಪಾತಿ ಇತ್ತು. ಅದರಲ್ಲಿ ಅರಳಿದ ಹೂವನ್ನು ಮಾರುವಂತಿಲ್ಲ, ಯಾರಿಗೂ ಕೊಡುವಂತಿಲ್ಲ. ಹೂವು ಗಿಡದಲ್ಲೇ ಬಾಡಬೇಕು, ಕಾಯಾಗಬೇಕು, ಕಾಯಿ ಒಡೆದು ಬೀಜ ಉದುರಬೇಕು. ಮುಂದಿನ ವರ್ಷದ ಸಸಿಗಳೆಲ್ಲ ಆ ಬೀಜದಿಂದಲೇ.

ಆ ಪಾತಿಗಳಲ್ಲಿ ಒಂದು ಕಲ್ಲುದೀಪದ್ದು. ಬಂಡೆಯ ಬಿರುಕಿನಲ್ಲಿ ಹುಟ್ಟುವ ಗೇಣುದ್ದದ ಗಿಡ. ಒಂದು ಗಿಡಕ್ಕೆ ಒಂದೇ ಹೂವು, ಹಳದಿ ಬಣ್ಣದ್ದು. ಬೀಜ ಉದುರಿದ ಮೇಲೆ ಗಿಡ ಸಾಯುತ್ತದೆ. ಆ ಬೀಜವನ್ನು ಕಟ್ಟಿಡಲು ಬರುವುದಿಲ್ಲ. ಮುಂದಿನ ಮಳೆಗೆ ಮೊಳೆಯದಿದ್ದರೆ ಅದು ಹೊಟ್ಟು. ಒಂದು ಕಾಲಕ್ಕೆ ಈ ಹೂವು ಬೆಟ್ಟದ ತುಂಬ ಇತ್ತು. ಬೆಟ್ಟವನ್ನು ಜಲ್ಲಿಗಾಗಿ ಒಡೆದರು. ಉಳಿದ ಬಂಡೆಗೂ ಸಿಡಿಮದ್ದು ತುಂಬುವ ಮುಂಚೆ ದೇವೀರಕ್ಕ ಅಲ್ಲಿಂದ ಬೀಜ ತಂದಿದ್ದಳು. ಈಗ ಅದು ಇದ್ದದ್ದು ಆಕೆಯ ಪಾತಿಯಲ್ಲಿ. ಬೇರೆಲ್ಲಾದರೂ ಇದೆಯೋ ಇಲ್ಲವೋ, ಯಾರಿಗೂ ತಿಳಿದಿರಲಿಲ್ಲ.

ಒಂದು ವರ್ಷ ಇರುವೆಗಳು ಬೀಜ ಹೊತ್ತುಕೊಂಡು ಹೋದವು. ಮರುವರ್ಷ ಪಾತಿಯಲ್ಲಿ ಎದ್ದದ್ದು ನಾಲ್ಕೇ ಗಿಡ. ನಾಲ್ಕಕ್ಕೂ ಮೊಗ್ಗು ಬಂತು. ದೇವೀರಕ್ಕ ತಮ್ಮನನ್ನು ಕರೆದಳು.

"ನಾಲ್ಕು ಗಿಡ ನಂಬಿಕೊಂಡು ಕೂರುವಂತಿಲ್ಲ. ಆಚೆ ಸೀಮೆಯ ಬೆಟ್ಟಗಳಲ್ಲಿ ಎಲ್ಲಾದರೂ ಇದೆಯೇ ನೋಡಿಕೊಂಡು ಬರುತ್ತೇನೆ. ನಾನು ಬರುವ ತನಕ ಈ ಪಾತಿ ನಿನ್ನ ಜವಾಬ್ದಾರಿ."

"ಯಾರಾದರೂ ಹೂವು ಕೇಳಿದರೆ?"

"ಕೇಳುತ್ತಾರೆ. ಕಾರಣವೂ ಒಳ್ಳೆಯದೇ ಇರುತ್ತದೆ."

"ಹಾಗಿದ್ದರೆ ಕೊಡಲೇ?"

"ಹಾಗಿದ್ದರೂ ಇಲ್ಲ."

ಆಕೆ ಹೋದಳು. ಹೂವು ಅರಳಿದವು.

ಮೊದಲು ಬಂದವನು ಬೆಟ್ಟದಮ್ಮನ ಪೂಜಾರಿ. ಬೆಟ್ಟ ಒಡೆದ ಮೇಲೆ ದೇವಿಯನ್ನು ಊರೊಳಗೆ ತಂದು ಕೂರಿಸಿದ್ದರು.

"ವರ್ಷಕ್ಕೆ ಒಂದು ಸಲ ಅಮ್ಮನ ನೆತ್ತಿಗೆ ಕಲ್ಲುದೀಪ ಏರಬೇಕಪ್ಪ" ಎಂದ. "ಇದ್ದ ಬೆಟ್ಟವನ್ನಂತೂ ಕಳೆದುಕೊಂಡಳು. ಇದನ್ನೂ ಇಲ್ಲ ಅನ್ನುತ್ತೀಯಾ?"

"ಅಕ್ಕ ಬೇಡ ಅಂದಿದ್ದಾಳೆ."

"ಅಕ್ಕ ದೊಡ್ಡವಳೋ, ಅಮ್ಮ ದೊಡ್ಡವಳೋ?"

ತಮ್ಮ ಪಾತಿಯ ಮುಂದಿನಿಂದ ಸರಿದ. ಪೂಜೆಗೆಂದು ಕಿತ್ತ ಹೂವು ಕಳವಲ್ಲ ಎಂಬುದು ಆ ಊರಿನವರ ನಂಬಿಕೆ. ಬೆಳಗಾದರೆ ಪಕ್ಕದ ಮನೆಯ ಕಾಂಪೌಂಡಿನೊಳಗೆ ಕೈ ಹಾಕಿ ದಾಸವಾಳ ಕೀಳುವವರು ಅಲ್ಲಿ ಭಕ್ತರೆನಿಸಿಕೊಂಡಿದ್ದರು. ಪೂಜಾರಿ ಹೂವನ್ನು ಕಿತ್ತು ಶಲ್ಯದ ತುದಿಯಲ್ಲಿ ಸುತ್ತಿಕೊಂಡ.

"ಯಾರಿಗೂ ಹೇಳಬೇಡ" ಎಂದ. "ಹೇಳಿದರೆ ಊರೆಲ್ಲ ಬಂದು ಕೇಳುತ್ತದೆ. ನಿಯಮ ಅಂದ ಮೇಲೆ ನಿಯಮ."

ಹೂವನ್ನು ದೇವಿಯ ನೆತ್ತಿಯ ಮೇಲಿಟ್ಟು, ಮೇಲೆ ಕಣಗಿಲೆಯ ಮಾಲೆ ಮುಚ್ಚಿದ.

ಎರಡನೆಯವನು ಬಟ್ಟೆ ವ್ಯಾಪಾರಿ. ಮಗಳ ಮದುವೆ ಗಂಡಿನ ಊರಿನಲ್ಲಿ ಗೊತ್ತಾಗಿತ್ತು.

"ನಮ್ಮ ಮನೆಯ ಯಾವ ಹೆಣ್ಣೂ ಬಾಸಿಂಗದ ಪಕ್ಕ ಕಲ್ಲುದೀಪ ಇಲ್ಲದೆ ಹಸೆಮಣೆ ಏರಿದ್ದಿಲ್ಲ. ನಮ್ಮಮ್ಮ ಮಲಗಿದಲ್ಲೇ ಅದೊಂದನ್ನೇ ಕೇಳುತ್ತಿದ್ದಾಳೆ."

"ಅಣ್ಣ, ಇರುವುದೇ ಮೂರು."

"ಒಂದು ಹೋದರೆ ಎರಡು ಉಳಿಯುತ್ತದಲ್ಲೋ. ಗಂಡ ಹೆಂಡತಿ ಇಬ್ಬರೇ ಇದ್ದರೆ ಸಂಸಾರ ಬೆಳೆಯುವುದಿಲ್ಲವೇನು? ನಿನಗೆ ಮದುವೆಯಾಗಿಲ್ಲ, ಗೊತ್ತಿಲ್ಲ ಬಿಡು."

ತಮ್ಮನಿಗೆ ನಗು ಬಂತು. ನಕ್ಕ ಮೇಲೆ ಇಲ್ಲವೆನ್ನಲು ಆಗಲಿಲ್ಲ. ವ್ಯಾಪಾರಿಯೂ ಹೋಗುವಾಗ, ಯಾರಿಗೂ ಹೇಳಬೇಡ ಎಂದ.

ಮೂರನೆಯವನು ನಾಟಿ ಔಷಧಿ ಕೊಡುವ ಪಂಡಿತ. ಕುಂಬಾರರ ಮನೆಯ ಮಗುವಿಗೆ ಕಣ್ಣು ನೋವು, ರೆಪ್ಪೆ ತೆರೆಯಲು ಆಗುತ್ತಿಲ್ಲ, ಈ ಹೂವಿನ ರಸ ಬಿಡಬೇಕು ಎಂದ. ತಮ್ಮ ಆಗುವುದಿಲ್ಲ ಎಂದ. ಈ ಸಲ ಗಟ್ಟಿಯಾಗಿಯೇ ಎಂದ.

"ನಿಮ್ಮಕ್ಕ ಇಲ್ಲಿ ಇದ್ದಿದ್ದರೆ, ಮಗುವಿನ ಕಣ್ಣಿಗಿಂತ ಹೂವು ಹೆಚ್ಚು ಅನ್ನುತ್ತಿದ್ದಳೇ? ನೀನೇ ಹೇಳು" ಎಂದ ಪಂಡಿತ.

ಆ ಪ್ರಶ್ನೆಗೆ ಉತ್ತರ ಕೊಡಬೇಕಾದವಳು ಅಕ್ಕ. ಆಕೆ ಊರಿನಲ್ಲಿರಲಿಲ್ಲ. ತಮ್ಮ ಆಕೆಯ ಪರವಾಗಿ ಉತ್ತರ ಕೊಟ್ಟ.

ಮಗುವಿನ ಕಣ್ಣು ವಾಸಿಯಾಯಿತು. ಹೂವಿನಿಂದಲೋ ತಾನಾಗಿಯೋ ಹೇಳಲು ಬರುವುದಿಲ್ಲ. ಪಂಡಿತನಿಗೆ ಆ ಸಂಶಯ ಇರಲಿಲ್ಲ.

ಇಲ್ಲಿ ಚೆನ್ನವೀರ ನಡುವೆ ಬಾಯಿ ಹಾಕಿದ. "ಗುರುಗಳೇ, ಮಗುವಿನ ಕಣ್ಣಿಗೆ ಕೊಟ್ಟದ್ದನ್ನೂ ಉಳಿದವರ ಜೊತೆಗೇ ಸೇರಿಸುವುದೇ?"

"ಸೇರಿಸುವುದೋ ಬಿಡುವುದೋ, ಪಾತಿಯಲ್ಲಿ ಉಳಿದದ್ದು ಒಂದು" ಎಂದು ಗುರುಗಳು ಕತೆ ಮುಂದುವರಿಸಿದರು.

ತಮ್ಮ ಆ ಒಂದು ಗಿಡದ ಸುತ್ತ ಜಾಲಿಮುಳ್ಳು ನೆಟ್ಟ. ಇನ್ನು ಯಾರು ಬಂದರೂ ಇಲ್ಲ ಎಂದು ನಿಶ್ಚಯ ಮಾಡಿಕೊಂಡ. ಆ ನಿಶ್ಚಯ ಸುಳ್ಳಲ್ಲ. ಪೂಜಾರಿಯೋ ವ್ಯಾಪಾರಿಯೋ ಪಂಡಿತನೋ ಮತ್ತೆ ಬಂದಿದ್ದರೆ ಕೊಡುತ್ತಿರಲಿಲ್ಲ. ಆದರೆ ಮುಂದೆ ಕೇಳಿದವರು ಅಕ್ಕನಿಗಾಗಿಯೇ ಕೇಳಿದರು.

ಊರಿನ ಹೆಡ್‌ಮಾಸ್ಟರಿಗೆ ಒಂದು ಯೋಚನೆ ಹೊಳೆಯಿತು. ಬೆಟ್ಟ ಹೋದರೂ ಬೆಟ್ಟದ ಹೂವನ್ನು ಉಳಿಸಿದವಳು ದೇವೀರಕ್ಕ. ಅಂಥವಳಿಗೆ ಊರು ಇದುವರೆಗೆ ಒಂದು ಶಾಲನ್ನೂ ಹೊದಿಸಿಲ್ಲ. ಆಕೆ ಹಿಂದಿರುಗುವ ದಿನವೇ ಸನ್ಮಾನ ಮಾಡಬೇಕು. ಶಾಲೆಯ ಜಗಲಿಯಲ್ಲಿ ಸಮಿತಿ ಸೇರಿತು. ಪೂಜಾರಿ, ವ್ಯಾಪಾರಿ, ಪಂಡಿತ ಮೂವರೂ ಅದರಲ್ಲಿದ್ದರು. ಆ ಊರಿನಲ್ಲಿ ಯಾವ ಸಮಿತಿಯಾದರೂ ಅವರು ಇದ್ದೇ ಇರುತ್ತಿದ್ದರು. ತಮ್ಮನನ್ನೂ ಕರೆಸಿದರು.

"ಶಾಲು, ಹಣ್ಣಿನ ಬುಟ್ಟಿ ಎಲ್ಲರಿಗೂ ಕೊಡುವುದೇ" ಎಂದರು ಹೆಡ್‌ಮಾಸ್ಟರು. "ನಿಮ್ಮಕ್ಕನಿಗೆ ಊರಿನ ಮುಂದೆ ಅವಳದೇ ಹೂವು ಮುಡಿಸಬೇಕು. ಕಲ್ಲುದೀಪ."

"ಕಾಯಿ ಕಟ್ಟಬೇಕು ಸಾರ್. ಅಕ್ಕ ಒಪ್ಪುವುದಿಲ್ಲ."

"ಅವಳು ಸನ್ಮಾನಕ್ಕೇ ಒಪ್ಪುವವಳಲ್ಲ. ಒಪ್ಪಿಗೆ ಕೇಳಿ ಮಾಡಿದರೆ ಅದು ಸನ್ಮಾನವೇನಯ್ಯ? ಒಂದು ಹೂವು ತಾನೇ? ಪಾತಿಯಲ್ಲಿ ಬೇರೆ ಇಲ್ಲವೇ?"

ಪೂಜಾರಿಯ ಲೆಕ್ಕದಲ್ಲಿ ಪಾತಿಯಲ್ಲಿ ಇನ್ನೂ ಮೂರು ಹೂವಿದ್ದವು. ವ್ಯಾಪಾರಿಯ ಲೆಕ್ಕದಲ್ಲಿ ಎರಡು. ಒಂದು ಹೋದರೂ ಉಳಿಯುತ್ತದೆ ಎಂದು ಇಬ್ಬರೂ ನೆಮ್ಮದಿಯಾಗಿದ್ದರು. ಪಂಡಿತನಿಗೆ ನಿಜ ಗೊತ್ತಿತ್ತು. ಅವನು ತನ್ನ ಕೊಡೆಯ ಹಿಡಿಯನ್ನು ನೋಡುತ್ತ ಕುಳಿತ.

ಮೂವರ ಮುಖವನ್ನೂ ತಮ್ಮ ನೋಡಿದ. ಒಂದೇ ಉಳಿದಿದೆ ಎನ್ನಬೇಕಾದರೆ, ಮಿಕ್ಕವು ಎಲ್ಲಿ ಹೋದವು ಎಂದು ಹೇಳಬೇಕಾಗುತ್ತಿತ್ತು. ಹೇಳಬೇಡ ಎಂದವರು ಎದುರಿಗೇ ಕುಳಿತಿದ್ದರು. ಅಕ್ಕ ಹೇಗೂ ಹೊಸ ಬೀಜ ತರುತ್ತಾಳೆ ಎಂದುಕೊಂಡ. ಇನ್ನೂ ಒಂದು ಮಾತು ಅವನ ಮನಸ್ಸಿನಲ್ಲಿ ಇತ್ತು. ಊರಿಗೆಲ್ಲ ಹೂವಿನ ಗಿಡ ಕೊಟ್ಟ ಅಕ್ಕನಿಗೆ ಒಬ್ಬರಾದರೂ ಕರೆದು ಒಂದು ಹೂವು ಕೊಟ್ಟದ್ದನ್ನು ಅವನು ಕಂಡಿರಲಿಲ್ಲ. ಆಕೆ ಊರಿನ ಮುಂದೆ ಮುಡಿದು ನಿಲ್ಲಬೇಕು ಎಂದು ಅವನಿಗೂ ಆಸೆಯಾಯಿತು.

"ಆಗಲಿ" ಎಂದ.

"ಹುಷಾರಾಗಿ ಕೀಳಪ್ಪ" ಎಂದ ಪಂಡಿತ. "ಬೇರು ಅಲುಗಬಾರದು."

ದೇವೀರಕ್ಕ ಬರುವ ದಿನ ತಮ್ಮ ಬೆಳಿಗ್ಗೆಯೇ ಮುಳ್ಳು ಸರಿಸಿ ಹೂವು ಕಿತ್ತ. ಮುಂಚಿನ ಮೂರನ್ನು ಕೇಳಿದವರೇ ಕಿತ್ತಿದ್ದರು. ಇದನ್ನು ಅವನು ತನ್ನ ಕೈಯಿಂದ ಕಿತ್ತ. ಒದ್ದೆ ಬಟ್ಟೆಯಲ್ಲಿ ಸುತ್ತಿ ಹೆಡ್‌ಮಾಸ್ಟರಿಗೆ ಕೊಟ್ಟು, ಬಸ್ಸು ನಿಲ್ಲುವ ಕಡೆ ಹೋಗಿ ಕಾದ. ಅಕ್ಕ ಇಳಿದಳು. ಚೀಲ ತೆಗೆದುಕೊಂಡ. ಅದರಲ್ಲಿ ಭಾರ ಇರಲಿಲ್ಲ.

"ಸಿಕ್ಕಿತೇ ಅಕ್ಕ?"

"ಇಲ್ಲ. ನಾನು ಹೋದ ಬೆಟ್ಟಗಳೂ ನಮ್ಮ ಬೆಟ್ಟದ ಹಾಗೇ ಆಗಿವೆ. ಇರುವುದು ನಮ್ಮ ನಾಲ್ಕೇ. ಮೊದಲು ತೋಟಕ್ಕೆ ನಡಿ."

ಅಷ್ಟರಲ್ಲಿ ವಾದ್ಯದವರು ಬಂದರು. ಹಿಂದೆ ಹೆಡ್‌ಮಾಸ್ಟರು ಬಂದರು. ಊರೆಲ್ಲ ಕಾಯುತ್ತಿದೆ, ಶಾಲೆಗೆ ಬಂದು ಹೋಗಲೇಬೇಕು ಎಂದರು. ಆಕೆ ಬೇಡವೆಂದಳು. ಎರಡು ನಿಮಿಷದ ಕೆಲಸ ಎಂದು ಕರೆದುಕೊಂಡು ಹೋದರು.

ಶಾಲು ಹೊದಿಸಿದರು. ಭಾಷಣ ಶುರುವಾಯಿತು. ಪೂಜಾರಿ ಮೈಕು ಹಿಡಿದ. ಅಷ್ಟು ಜನರನ್ನು ಕಂಡು ಅವನಿಗೆ ಹುಮ್ಮಸ್ಸು ಬಂತು. ಗುಟ್ಟು ಮರೆತುಹೋಯಿತು.

"ಬೆಟ್ಟ ಬಿಟ್ಟು ಬಂದ ಮೇಲೆ ನಮ್ಮಮ್ಮನ ನೆತ್ತಿಗೆ ಕಲ್ಲುದೀಪ ಏರಿದ್ದು ಈ ವರ್ಷವೇ. ಅದು ಈ ದೇವೀರಕ್ಕನ ಪುಣ್ಯ" ಎಂದ. ಜನ ಚಪ್ಪಾಳೆ ತಟ್ಟಿದರು.

ವ್ಯಾಪಾರಿ ಹಿಂದೆ ಬೀಳುವವನಲ್ಲ. "ಅಮ್ಮನಿಗೆ ಒಬ್ಬಳಿಗೇ ಅಲ್ಲ ಸ್ವಾಮಿ. ನನ್ನ ಮಗಳ ಬಾಸಿಂಗಕ್ಕೂ ಇದೇ ತೋಟದ ಹೂವು. ಬೀಗರು ಇಂಥದ್ದನ್ನು ಕಂಡೇ ಇರಲಿಲ್ಲ" ಎಂದ. ಮತ್ತೆ ಚಪ್ಪಾಳೆ. ಪೂಜಾರಿ ಮಾತ್ರ ತಟ್ಟಲಿಲ್ಲ. ವ್ಯಾಪಾರಿಯ ಕಡೆ ತಿರುಗಿ ನೋಡಿದ.

ಪಂಡಿತನನ್ನು ಕರೆದರು. ಗಂಟಲು ಸರಿಯಿಲ್ಲ ಎಂದು ಅವನು ಏಳಲಿಲ್ಲ. ಆದರೆ ಮುಂದಿನ ಸಾಲಿನಿಂದ ಕುಂಬಾರರ ಹೆಂಗಸು ಮಗುವನ್ನು ಎತ್ತಿಕೊಂಡು ಎದ್ದಳು. "ಪಂಡಿತರು ನಿಮ್ಮ ಹೂವಿನ ರಸ ಬಿಟ್ಟರು ತಾಯಿ. ನೋಡಿ, ಕಣ್ಣು ಬಿಡುತ್ತಿದೆ" ಎಂದು ದೇವೀರಕ್ಕನ ಕಾಲು ಮುಟ್ಟಿದಳು. ದೇವೀರಕ್ಕ ಮಗುವಿನ ಕಣ್ಣನ್ನು ನೋಡಿದಳು. ಒಳ್ಳೆಯದಾಯಿತು ಎಂದಳು. ಬಳಿಕ ವೇದಿಕೆಯ ಮೂಲೆಯಲ್ಲಿ ನಿಂತಿದ್ದ ತಮ್ಮನ ಕಡೆ ತಿರುಗಿದಳು.

"ಇನ್ನೊಂದು?" ಎಂದಳು.

ಅವನು ಹೆಡ್‌ಮಾಸ್ಟರ ಕೈಯಲ್ಲಿದ್ದ ಹರಿವಾಣದ ಕಡೆ ನೋಡಿದ.

ಹೆಡ್‌ಮಾಸ್ಟರಿಗೆ ಇದೊಂದೂ ತಿಳಿದಿರಲಿಲ್ಲ. ಅವರು ಹರಿವಾಣದ ಮೇಲಿನ ಬಟ್ಟೆಯನ್ನು ತೆಗೆದರು. "ಮುಡಿದುಕೊಳ್ಳಬೇಕು ದೇವೀರಕ್ಕ. ಇದು ಊರಿನ ಆಸೆ" ಎಂದರು.

ದೇವೀರಕ್ಕ ಎದ್ದು ಮೈಕಿನ ಮುಂದೆ ಬಂದಳು.

"ಸಿಕ್ಕಿದ ಬೆಟ್ಟವನ್ನೆಲ್ಲ ಹತ್ತಿ ನೋಡಿ ಬಂದೆ. ಎಲ್ಲೂ ಇಲ್ಲ. ಪಾತಿಯಲ್ಲಿ ಇದ್ದದ್ದು ನಾಲ್ಕು. ನೀವು ಹೇಳಿದವು ಮೂರು. ಇದು ನಾಲ್ಕನೆಯದು" ಎಂದಳು.

ಅಷ್ಟೇ ಹೇಳಿದಳು. ಯಾರನ್ನೂ ಬೈಯಲಿಲ್ಲ. ಚಪ್ಪಾಳೆಗೆಂದು ಎತ್ತಿದ್ದ ಕೈಗಳು ಕೆಳಗಿಳಿದವು. ಹೆಡ್‌ಮಾಸ್ಟರು ಹರಿವಾಣವನ್ನು ಮುಂದೆ ಚಾಚಲೂ ಆಗದೆ, ಹಿಂದೆ ತೆಗೆದುಕೊಳ್ಳಲೂ ಆಗದೆ ನಿಂತರು. ಆಗ ತಮ್ಮ ಬಂದು ಅದನ್ನು ಅವರ ಕೈಯಿಂದ ತೆಗೆದುಕೊಂಡ. ತಾನೇ ಅಕ್ಕನ ಎದುರಿಗೆ ಹಿಡಿದ. ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಹೂವು ಇನ್ನೂ ಬಾಡಿರಲಿಲ್ಲ.

ಗುರುಗಳು ಇಲ್ಲಿ ನಿಲ್ಲಿಸಿದರು.

ಗುರುಗಳು ಮುಂದೆ ಹೇಳುವಂತೆ ಕಾಣಲಿಲ್ಲ. ಚೆನ್ನವೀರನೇ ಮಾತಾಡಿದ.

"ಕಿತ್ತದ್ದು ತಪ್ಪು ಗುರುಗಳೇ, ಒಪ್ಪಿದೆ. ಆದರೆ ಆಗಲೇ ಕಿತ್ತಾಗಿತ್ತು. ಗಿಡಕ್ಕೆ ತಿರುಗಿ ಅಂಟಿಸಲು ಬರುವುದಿಲ್ಲ. ಇನ್ನು ಆಕೆ ಮುಡಿದುಕೊಂಡರೆ ಕೆಡುವುದಾದರೂ ಏನು? ತಮ್ಮನ ಮನಸ್ಸಾದರೂ ಉಳಿಯುತ್ತದೆ."

"ಸಭೆಯಲ್ಲಿದ್ದವರೂ ಒಬ್ಬರಾದ ಮೇಲೆ ಒಬ್ಬರು ಎದ್ದು ಇದನ್ನೇ ಹೇಳಿದರು; ಆಕೆ ಮುಡಿಯಲಿಲ್ಲ" ಎಂದರು ಗುರುಗಳು, ಅಂಗಳದಲ್ಲಿ ನಿಂತಿದ್ದ ಮೂರ್ತಿಯ ಕಡೆ ನೋಡುತ್ತ.